ಮುಂದಿನ ಗಾಲಿ ತಿರುಗಿಸುವವನು

ಎಣ್ಣೆಯ ಹನಿಯೊಂದು ಕೆನ್ನೆಗೆ ಬಿತ್ತು, ಸುಟ್ಟ ವಾಸನೆ, ಮುಂದಿನ ಆಕ್ಸಲ್ಲಿನದು, ಈ ಟ್ರಕ್ಕಿನ ಯಾವ ಎಣ್ಣೆಗೆ ಯಾವ ವಾಸನೆ ಎಂದು ಚಿಕ್ಕಮಾದಯ್ಯನಿಗೆ ಕಣ್ಣು ಮುಚ್ಚಿದರೂ ಗೊತ್ತು — ಒರೆಸಿಕೊಳ್ಳಲು ಕೈ ಬಿಡುವಿಲ್ಲ, ಹುಣಸೂರು ಬೈಪಾಸಿನ ಈ ಶೆಡ್ಡಿನಲ್ಲಿ ಗೋಣಿಚೀಲದ ಮೇಲೆ ಅಂಗಾತ ಮಲಗಿ ಟಾರ್ಚು ಹಿಡಿದಿದ್ದಾನೆ, ಪಕ್ಕದಲ್ಲಿ ಮೆಕ್ಯಾನಿಕ್ ವಿರೂಪಾಕ್ಷ ಬೋಲ್ಟು ಬಿಚ್ಚುತ್ತಿದ್ದಾನೆ, ಆಚೆ ಕುಕ್ಕರುಗಾಲಿನಲ್ಲಿ ಕೂತು ಹೊಸ ಡ್ರೈವರು ಸವಿತಾ ಒಳಗೆ ಇಣುಕುತ್ತಿದ್ದಾಳೆ, ಅದೇನಣ್ಣ, ಇದೇನಣ್ಣ, ಎಲ್ಲ ಬೇಕು ಅವಳಿಗೆ. ವಿರೂಪಾಕ್ಷನೋ, ಇವನ ಕಡೆ ತಿರುಗಿ ಒಂದು ಮಾತಾಡದವನು, ಅವಳಿಗೆ ಮಗ್ಗಿ ಹೇಳಿಕೊಟ್ಟಂತೆ ಹೇಳುತ್ತಿದ್ದಾನೆ, ನೋಡವ್ವ, ಬಲಗಡೆ ಶಾಫ್ಟು ಎರಡು ತುಂಡು, ಮಧ್ಯ ಈ ಬಳೆ ಸರಿದು ಎರಡನ್ನೂ ಹಿಡ್ಕಂಡ್ರೆ ಮುಂದಿನ ಗಾಲಿಗೂ ಬಲ ಬತ್ತದೆ, ಬಳೆ ತಳ್ಳೋದು ಈ ಗಾಳಿ ಡಬ್ಬಿ, ಇದ್ರ ರಬ್ಬರು ಹರಿದು ಯಾವ ಕಾಲ ಆಯ್ತೋ, ಪೈಪೆಲ್ಲ ಇಲಿ ತಿಂದವೆ, ಇಷ್ಟ್ ದಿನ ಎಂಗೆ ಓಡುಸ್ತಿದ್ರಿ ಇದನ್ನ. ಹೇಗೆ ಓಡಿಸುತ್ತಿದ್ದರಂತೆ! ಅವಳನ್ನು ಕೇಳಿದರೆ ಏನು ಗೊತ್ತು, ಇವನನ್ನು ಕೇಳಲಿ — ಕೆಸರಿಗಿಳಿದು, ಟ್ರಕ್ಕಿನಡಿ ತೂರಿ, ಸ್ಕ್ರೂಡ್ರೈವರಿನಿಂದ ಡಬ್ಬಿಯ ಕಡ್ಡಿ ಮೀಟಿ, ಬಳೆ ಕಟಕ್ ಎನ್ನುವವರೆಗೆ ಮೀಟಿ, ಎಲ್ಲಿ ಮೀಟಬೇಕೆಂದು ಅವನ ಬೆರಳಿಗೆ ಮಾತ್ರ ಗೊತ್ತು. ವೀರನಹೊಸಹಳ್ಳಿಯಿಂದ ಕಾಡಂಚಿನ ಹಾಡಿಗೆ ಹೋಗುವ ದಾರಿಯ ಹಳ್ಳದಲ್ಲಿ ಹಾಡಿಯವರ ಸಂಘದ ಈ ಟ್ರಕ್ಕು ಹೂತುಕೊಂಡಾಗಲೆಲ್ಲ ಜನ ಕಾದದ್ದು ಅವನೊಬ್ಬನಿಗಾಗಿ, ಮಾದಣ್ಣ ಇಳುದ್ರೆ ಗಾಡಿ ಏಳ್ತದೆ ಕಣ್ಲಾ, ಎದ್ದ ಕೂಡಲೇ ಹಿಂದೆ ಮಕ್ಕಳ ಕೇಕೆ, ಆ ಕೇಕೆ ಕೇಳುತ್ತ ಕೆಸರಿನ ಕೈಯಲ್ಲೇ ಸ್ಟೇರಿಂಗು ಹಿಡಿಯುವ ಸುಖ — ಅದೇ ಹಾಡಿಯವಳು ಇವಳು, ಲೈಸೆನ್ಸು ಮಾಡಿಸಿಕೊಂಡು ಬಂದಳು, ಸಂಘದವರು ಹಿಗ್ಗಿ ಹೀರೇಕಾಯಿಯಾದರು, ಇಬ್ರೂ ಓಡ್ಸಿ ಮಾದಣ್ಣ, ನಿಂಗೂ ಮೊಣಕಾಲ್ ನೋವು ಅಂತೀಯ. ಮೊಣಕಾಲಿನ ಮಾತು ಯಾಕಾದರೂ ಬಾಯಿಂದ ಬಿತ್ತೋ. ಹೊರಗಿನವರದು ಹೋಗಲಿ, ಕಟ್ಟಿಕೊಂಡ ಹೆಂಡತಿ ಚಿಕ್ಕಮಾದಿ ಉಣ್ಣುವಾಗ ಎದುರಿಗೇ ಅಂದಳಲ್ಲ, ಸವಿತಾ ಓಡ್ಸಿದ್ರೆ ಪುಟ್ಟಿ ವಾಂತಿ ಮಾಡಲ್ಲ ಕಣ, ಪುಟ್ಟಿ ಅವನ ಮೊಮ್ಮಗಳು, ಅವನ ತೊಡೆಯ ಮೇಲೆ ಕೂತು ಹಾರನ್ನು ಒತ್ತುತ್ತಿದ್ದವಳು, ಈಗ ಬಾಯಿ ಬಿಟ್ಟರೆ ಸವ್ತಕ್ಕ, ಸವ್ತಕ್ಕ. ಒಟ್ಟೆಕಿಚ್ಚು ಕಣ ನಿಂಗೆ, ಅಂದಳು ಚಿಕ್ಕಮಾದಿ, ಅವನು ಕೈ ತೊಳೆದು ಎದ್ದಿದ್ದ. ವಿರೂಪಾಕ್ಷ ಹೊಸ ಡಬ್ಬಿ ಹಾಕುವುದಿಲ್ಲವಂತೆ, ಡಬ್ಬಿ ಪೈಪು ಎಲ್ಲ ಕಿತ್ತೆಸೆದು ಕೇಬಲ್ಲು ಹಾಕುತ್ತಾನಂತೆ, ಒಳಗೆ ಕೂತಲ್ಲೇ ಹಿಡಿ ಎಳೆದರೆ ಬಳೆ ಸರಿಯುತ್ತದಂತೆ, ಯಾರ್ ಬೇಕಾದ್ರೂ ಎಳೀಬೋದು ಕಣವ್ವ. ಯಾರು ಬೇಕಾದರೂ. ಬಳೆ ತಳ್ಳುವ ಕವಲನ್ನು ಕೇಬಲ್ಲಿಗೆ ಹಿಡಿದಿಡುವ ಕ್ಲಿಪ್ಪು ಗೋಣಿಚೀಲದ ಮೇಲಿದೆ, ಅವನ ಕಿವಿಯ ಪಕ್ಕದಲ್ಲೇ, ಉಗುರಿನಷ್ಟು ತಂತಿ, ಕೈ ತಾನಾಗಿ ಹೋಯಿತು, ಅಂಗಿಯ ಜೇಬಿಗೆ ಇಳಿಸಿತು, ಇದಿಲ್ಲದಿದ್ದರೆ ಹಿಡಿ ಬರುತ್ತದೆ, ಬಳೆ ಬರುವುದಿಲ್ಲ, ಹಳ್ಳದಲ್ಲಿ ಎಳೆಯಲಿ, ಎಳೆದು ಎಳೆದು ಸಾಯಲಿ — ಛೆ, ಸಾಯಲಿ ಅನ್ನಬಾರದು, ಒಂದು ಸಲ ಹೂತುಕೊಳ್ಳಲಿ, ಮಾದಣ್ಣಾ ಎಂದು ಕೂಗಲಿ, ಅಷ್ಟು ಸಾಕು. ವಿರೂಪಾಕ್ಷ ತಡವಿದ, ಇಲ್ಲೇ ಇಕ್ಕಿದ್ನಲ್ಲ, ಎಲ್ಲೋಯ್ತು, ಟಾರ್ಚು ಇತ್ಲಾಗ್ ಬುಡ್ರಿ, ಇವನು ಬೆಳಕನ್ನು ಜೇಬಿನಿಂದ ಆಚೆ ತಿರುಗಿಸಿದ — ಓದ್ರೆ ಓಗ್ಲಿ, ಡಬ್ಬ ತುಂಬ ಅವೆ, ಸವ್ತವ್ವ ಒಂದು ಕೊಡು ಇತ್ಲಾಗೆ. ಅವಳು ಕೊಟ್ಟಳು. ಟಕ್ಕೆಂದು ಕೂತಿತು. ಕದ್ದದ್ದಕ್ಕೂ ಬೆಲೆಯಿಲ್ಲ.

ಶೆಡ್ಡಿನ ಹಿಂದೆ ಕೆರೆಯಂಗಳ, ಮಂಡಿಯುದ್ದ ಕೆಸರು, ಒಂದ್ ಸುತ್ತು ನೋಡ್ಕ ಬನ್ನಿ ಎಂದ ವಿರೂಪಾಕ್ಷ, ಕೀಲಿಕೈ ಕೊಟ್ಟದ್ದು ಅವಳಿಗೆ, ಚಿಕ್ಕಮಾದಯ್ಯ ಎಡಗಡೆ ಹತ್ತಿ ಕೂತ, ಈ ಸೀಟಿನಿಂದ ದಾರಿಯೇ ಬೇರೆ ಥರ ಕಾಣುತ್ತದೆ, ಹಿಂದಿನ ಗಾಲಿ ಕೊರೆಯಿತು, ಟ್ರಕ್ಕು ಕೂತಿತು, ಅವನ ಕೈ ಬಾಗಿಲಿನ ಹಿಡಿಗೆ ಹೋಗಿಯೇಬಿಟ್ಟಿತ್ತು, ಅಷ್ಟರಲ್ಲಿ ಅವಳು ಎಳೆದಳು, ಕಟಕ್, ಮುಂದಿನ ಗಾಲಿಗಳು ಕೆಸರು ಕಚ್ಚಿದವು, ಬಂತು ಕಣಣ್ಣೋ, ಎಂದು ಕುಣಿದಳು ಕೂತಲ್ಲೇ. ಸುಮ್ಮನಿರಲಾಗಲಿಲ್ಲ ಅವನಿಗೆ, ತನ್ನದೆಂದು ಉಳಿದದ್ದು ಹಳೆಯದೊಂದು ಸಂಜೆ, ಅದನ್ನು ತೆಗೆದು ಅವಳ ಮುಂದೆ ಎಸೆದ, ನಿನ್ ಎರಿಗೆ ನೋವಲ್ಲಿ ಆಸ್ಪತ್ರೆಗೆ ಕರ್ಕ ಓದಾಗ ಈ ಕೇಬಲ್ಲು ಗೀಬಲ್ಲು ಇರ್ನಿಲ್ಲ, ಹಳ್ಳದಲ್ಲಿ ನಾನೇ ಇಳ್ದು ಎಬ್ಸಿದ್ದು, ಗ್ಯಾನ ಐತಾ. ಇಲ್ವಾ ಮತ್ತೆ, ಎಂದಳು ಸವಿತಾ, ನಗು ನಿಂತಿತ್ತು, ನೀನು ಗಾಡಿಯಡಿ ತೂರ್ಕಂಡೆ, ಬಿದುರು ಮೆಳೆ ತಾವ ಆನೆ ನಿಂತಿತ್ತು ಮಾದಣ್ಣ, ನಿಂಗೆ ಕಾಣ್ನಿಲ್ಲ, ಕೂಗುದ್ರೆ ಇತ್ಲಾಗೇ ನುಗ್ತದೆ ಅಂತ ಸೆರಗು ಬಾಯ್ಗೆ ತುರುಕ್ಕಂಡು ನೋವು ನುಂಗ್ದೆ, ಇಂದೆ ಮಲಗಿದ್ದೋಳ್ಗೆ ಹಲಗೆ ಸಂದಿಲಿ ನಿನ್ ಕಾಲೆರಡೇ ಕಾಣ್ತಿದ್ವು, ಅದು ಅತ್ಲಾಗ್ ತಿರುಗೋಗಂಟ ಆ ಕಾಲೇ ನೋಡ್ತಿದ್ದೆ, ಯಾರಿಗೂ ಏಳ್ನಿಲ್ಲ, ಇನ್ಮೇಲೆ ಯಾರೂ ಇಳೀಬಾರ್ದು ಅನ್ಕಂಡೆ, ಈ ಆಕ್ಸಲ್ ಮಾಡ್ಸಿ ಅಂತ ಸಂಘದಲ್ಲಿ ಬಡ್ಕಂಡೋಳು ನಾನೇ ಕಣಣ್ಣ. ಆನೆಯೇ, ಅವನಿಗೆ ಗೊತ್ತೇ ಇರಲಿಲ್ಲ, ಒಲೆಯ ಮುಂದೆ ಎಷ್ಟು ಸಲ ಹೇಳಿದ ಕಥೆ, ತಾನು ಎಬ್ಬಿಸಿದೆ, ತಾನು ಉಳಿಸಿದೆ, ಅದರಲ್ಲಿ ಆನೆ ಇರಲೇ ಇಲ್ಲ, ಬಾಯಿಗೆ ಸೆರಗು ತುರುಕಿಕೊಂಡವಳೂ ಇರಲಿಲ್ಲ — ಆ ಸಂಜೆಯೂ ಅವಳದೇ ಆಯಿತು, ಅದನ್ನೂ ತೆಗೆದುಕೊಂಡಳು, ಕೈ ಮುಗಿಯಬೇಕೋ ಕೆನ್ನೆಗೆ ಬಾರಿಸಬೇಕೋ, ಕೇಕೆ ಹಾಕಿದ ಮಕ್ಕಳು, ಚಿಕ್ಕಮಾದಿ, ಪುಟ್ಟಿ, ಯಾರೂ ನೆನಪಿಗೆ ನಿಲ್ಲುತ್ತಿಲ್ಲ, ಟ್ರಕ್ಕು ದಡ ಹತ್ತುತ್ತಿದೆ, ಅವಳು ಗೇರು ಬದಲಿಸಿದಳು, ಏನೋ ಕೇಳಿದಳು, ಅವನಿಗೆ ಕೇಳಲಿಲ್ಲ, ಕಾಣುತ್ತಿರುವುದು ಒಂದೇ, ತಾನು ಎಂದೂ ನೋಡದಿದ್ದದ್ದು, ಹಲಗೆಯ ಸಂದಿಯಲ್ಲಿ, ಆ ಇಳಿಬೆಳಕಿನಲ್ಲಿ, ಟ್ರಕ್ಕಿನಡಿಯಿಂದ ಈಚೆಗೆ ಚಾಚಿದ ಎರಡು ಕಾಲು, ಕೆಸರು ಮೆತ್ತಿದ, ಏನೂ ಅರಿಯದೆ ಹಿಮ್ಮಡಿ ಆಡಿಸುತ್ತಿರುವ ಎರಡು ಕಾಲು —