ಖಾಲಿ ತೋಟಾ

ನಾಳೆ ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆ ಶುರು. ಮಗಳು ಸಿಗ್ನಿಗೆ ಇದೇ ಮೊದಲನೆಯದು. ಗುರಿ ತಪ್ಪಿ ಜಿಂಕೆ ಗಾಯಗೊಂಡು ಓಡಿದರೆ ಅವಳು ಮತ್ತೆಂದೂ ಬಂದೂಕು ಮುಟ್ಟಲಾರಳೆಂಬ ಭಯ ನನಗೆ.

“ನಮ್ಮನೇಲಿ ಎಲ್ಲರ ಮೊದಲ ಜಿಂಕೆ ಬಿದ್ದಿದ್ದು ನನ್ನ ಥರ್ಟಿ-ಆಟ್-ಸಿಕ್ಸ್ ರೈಫಲ್‌ನ ದೊಡ್ಡ ತೋಟಾಗೇ. ನಿನ್ನ ಈ ಚಿಕ್ಕ ಟೂ-ಫಾರ್ಟಿ-ಥ್ರೀ ಮೊಲಕ್ಕೆ ಸಾಕು ಕಣಮ್ಮಾ,” ಎಂದು ಅವಳಿಗಾಗಿ ನಾನು ತಂದಿದ್ದ ನನ್ನ ರೈಫಲ್ ನೋಡಿ ಮಾವ ಹಾಲ್ವರ್ ನಕ್ಕರು.

ಅಭ್ಯಾಸಕ್ಕೆಂದು ಅವರ ರೈಫಲ್‌ನಿಂದ ಎರಡು ಗುಂಡು ಹಾರಿಸುವಷ್ಟರಲ್ಲಿ ಸಿಗ್ನಿ ಭುಜ ಉಜ್ಜಿಕೊಳ್ಳತೊಡಗಿದಳು. ಮುಂದಿನ ಸಲ ನಾನು ಅವಳಿಗೆ ಹೇಳದೆಯೇ ಮದ್ದಿಲ್ಲದ ಖಾಲಿ ತೋಟಾ ತುಂಬಿಕೊಟ್ಟೆ.

ಅವಳು ಟ್ರಿಗರ್ ಎಳೆದಾಗ ‘ಟಿಕ್’ ಎಂದಿತಷ್ಟೆ. ಆದರೂ ಅವಳ ಕಣ್ಣು ಮುಚ್ಚಿತ್ತು, ನಳಿಗೆ ಗಕ್ಕನೆ ನೆಲಕ್ಕೆ ಬಾಗಿತ್ತು.

ಮಾವ ನಗಲಿಲ್ಲ. “ಬಂದೂಕಿನ ಒದೆತಕ್ಕೆ ಹೆದರ್ತಿದೆ ಮಗು,” ಎಂದವರೇ ನನ್ನ ರೈಫಲನ್ನೂ ಚಿಕ್ಕ ತೋಟಾವನ್ನೂ ಅವಳಿಗೆ ಕೊಟ್ಟರು.

“ಮೊಲದ್ದಾ, ತಾತ?”

“ಬಾಯ್ಮುಚ್ಕೊಂಡು ಹೊಡಿ!”

ಈ ಸಲ ನಳಿಗೆ ಬಾಗಲಿಲ್ಲ.