ಸನ್ಯಾಸಿ ಹಕ್ಕಿ

"ಆ ಕಡೆ ಇನ್ನೊಂದೆರಡು ಎಲೆ ಹಾಕೋ, ಹಲಗೆ ಕಾಣ್ತಿದೆ," ಎಂದರು ತಾಯಿ ಡೋನ್ಯಾ ಕ್ಲೆಮೆನ್ಸಿಯಾ.

ಮನೆಯ ಹಿಂದಿನ ಮೆಳೆಯಿಂದ ಕಡಿದು ತಂದ ಕಾಡುಬಾಳೆ ಎಲೆಗಳನ್ನು ವಿಲ್ಬೆರ್ ಅಣ್ಣನ ಶವಪೆಟ್ಟಿಗೆಗೆ ಬಿಗಿಯುತ್ತಿದ್ದ. ನಿನ್ನೆ ಹೊಳೆಯಲ್ಲಿ ದೋಣಿ ಮಗುಚಿ ಎಲಿಯೆಸೆರ್ ಹೋಗಿಬಿಟ್ಟಿದ್ದ. ಹೆಂಡತಿ ಯೊರ್ಲೆನಿ ಅವನ ಕಾಲದೆಸೆಯಲ್ಲಿ ನಿಂತಿದ್ದಳು. ಯಾರೋ ಕೈಗಿಟ್ಟ ಕಾಫಿ ಆರಿತ್ತು. ಕುಡಿಯಬೇಕೋ, ಯಾರಿಗಾದರೂ ಕೊಡಬೇಕೋ ತಿಳಿಯದು.

ಆಗಲೇ ಗುಂಯ್ ಎಂದು ಪುಟ್ಟ ಹಕ್ಕಿಯೊಂದು ಬಂತು. ಬಾಗಿದ ಉದ್ದ ಕೊಕ್ಕು, ಬಿಳಿ ತುದಿಯ ಬಾಲ. ಪೆಟ್ಟಿಗೆಯ ಮೇಲೆ ತೂಗಾಡಿತು, ಹಿಂದೆ ಸರಿಯಿತು, ಮತ್ತೆ ಬಂತು.

"ಗೊರ್ರಿಯೋನ್! ನನ್ನ ಮಗ! ನೋಡ್ರೇ, ಹೇಳಿಹೋಗೋಕೆ ಬಂದಿದಾನೆ." ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕದ ಮುದುಕಿ ಈಗ ಅತ್ತರು.

"ಬದುಕಿದ್ದಾಗ ಯಾವತ್ತೂ ಹೇಳಿಹೋದವನಲ್ಲ," ವಿಲ್ಬೆರ್ ಮೂಗೊರೆಸಿಕೊಂಡ.

*

"ಈ ಊರಿಗೆ ಗುಂಯ್‌ಗುಡೋ ಹಕ್ಕಿ ಎಲ್ಲವೂ ಗೊರ್ರಿಯೋನೇ," ಎಂದು ಎಲಿಯೆಸೆರ್ ನಗುತ್ತಿದ್ದ. ಪ್ರವಾಸಿಗಳಿಗೆ ಹಕ್ಕಿ ತೋರಿಸುವುದು ಅವನ ಕೆಲಸ. "ಇದು ಸನ್ಯಾಸಿ ಹಕ್ಕಿ. ಹೆಸರಿಗೆ ಸನ್ಯಾಸಿ, ಇಡೀ ದಿನ ಪೊದೆಯಲ್ಲಿ ಕೂತು ಹೆಣ್ಣನ್ನ ಕರೆಯೋದೇ ಕೆಲಸ."

"ಗಂಡು ಯಾವ್ದು, ಹೆಣ್ಣು ಯಾವ್ದು?" ಯೊರ್ಲೆನಿ ಕೇಳಿದ್ದಳು.

"ನೋಡಿದ್ರೆ ಗೊತ್ತಾಗಲ್ಲ. ಎಲೆ ತುದಿಯ ಅಡಿಗೆ, ಜೇಡರ ಬಲೆಯಲ್ಲಿ ಗೂಡು ಅಂಟಿಸಿರುತ್ತೆ. ಅಲ್ಲಿಗೆ ಬಂದ್ರೆ ಹೆಣ್ಣು. ಗಂಡು ಅತ್ತ ತಲೆನೂ ಹಾಕಲ್ಲ."

"ನಿನ್ನ ಹಾಗೆ."

*

ಯೊರ್ಲೆನಿ ಬಗ್ಗಿ ಎಲೆಯ ತುದಿಯಡಿ ಬೆರಳಾಡಿಸಿದಳು. ನಾರಿನ ಸಣ್ಣ ಬಟ್ಟಲು. ಹೇಗೋ ಬೀಳದೆ ಉಳಿದ ಎರಡು ಮೊಟ್ಟೆ, ಇನ್ನೂ ಬೆಚ್ಚಗೆ.

"ಹೊರಡೋಣ, ಪಾದ್ರಿ ಕಾಯ್ತಿದಾರೆ," ಎಂದರು ಯಾರೋ. ಪೆಟ್ಟಿಗೆ ಹೆಗಲೇರಿತು.

ಸುಮ್ಮನಿದ್ದರೆ ಎಲೆಯೊಂದಿಗೆ ಗೂಡೂ ಮಣ್ಣಿಗೆ ಹೋಗುತ್ತದೆ. ಹೇಳಿದರೆ ಅತ್ತೆಗೆ ಮಗ ಇನ್ನೊಮ್ಮೆ ಹೋಗುತ್ತಾನೆ.

"ಅದು ಹೆಣ್ಣು, ಅತ್ತೆ." ಬಾಯಿಗೆ ಬಂದದ್ದು ಅಷ್ಟೇ.

"ಏನಂದೆ?"

"ಈ ಎಲೇಲಿ ಗೂಡಿದೆ. ಅದಕ್ಕೇ ಬಂದಿದೆ."

ಮುದುಕಿ ಗೂಡನ್ನು ನೋಡಿದರು, ಸೊಸೆಯನ್ನು ನೋಡಿದರು. "ಹಾಗಾದ್ರೆ ನಮ್ಮವನೆಲ್ಲಿ?"

ಯೊರ್ಲೆನಿ ಎಲೆ ಬಿಡಿಸಿಕೊಂಡು ಮೆಳೆಗೆ ನಡೆದಳು. ಕಡಿದ ಬುಡಗಳ ನಡುವೆ ಅದನ್ನು ಮೊದಲಿದ್ದಷ್ಟೇ ಎತ್ತರಕ್ಕೆ ಹಿಡಿದು ನಿಂತಳು.

"ಅತ್ತಿಗೆಗೆ ತಲೆ ಕೆಟ್ಟಿದೆ," ವಿಲ್ಬೆರ್ ಕೂಗಿದ. "ಅಮ್ಮಾ, ಕರಿ ಅವರನ್ನ!"

"ಬಾಯ್ಮುಚ್ಚೋ. ಹೆದರುತ್ತೆ."

ಡೋನ್ಯಾ ಕ್ಲೆಮೆನ್ಸಿಯಾ ಬಂದು ಸೊಸೆಯ ಮೊಣಕೈಗೆ ತಮ್ಮ ಅಂಗೈ ಆನಿಸಿ ನಿಂತರು. ಹಕ್ಕಿ ಬಂತು, ಹೋಯಿತು. ಹಾದಿಯಲ್ಲಿ, ಪೆಟ್ಟಿಗೆ ಹೊತ್ತು ಕಾಯುತ್ತಿದ್ದವರು ಹೆಗಲು ಬದಲಿಸಿದರು.