ಬೆಳಗಿನ ಹಾಳೆ

ಕ್ಲಿಪ್ಪಿಗೆ ಸಿಕ್ಕಿಸಿದ ಹಾಳೆ ಏಸಿ ಗಾಳಿಗೆ ಪಟಪಟ ಅನ್ನುತ್ತಿದೆ, ಬೆಳಗಿನದೇ ಹಾಳೆ, ಆ ತಂಪಿನಲ್ಲಿ ವಿಮಾನ ಎಷ್ಟು ಭಾರ ಹೊತ್ತು ಏರಬಹುದು ಅನ್ನುವ ಲೆಕ್ಕದ್ದು, ದೊಡ್ಡ ಕ್ಯಾಪ್ಟನ್ ಬದಲಿಸಿಲ್ಲ, ಬದಲಿಸುವ ಜಾಯಮಾನವೂ ಅಲ್ಲ — ಹಿಂದಿನ ಕುರ್ಚಿಯಲ್ಲಿ ಕೂತು ನೆಲದ ಮೇಲೇ ಹಾರಾಟ ತೋರಿಸುವ ಈ ಸಿಮ್ಯುಲೇಟರ್ ನಡೆಸುವವಳು ಅವಳು, ಇವತ್ತು ಇವನ ಲೈಸೆನ್ಸ್ ನವೀಕರಣದ ಪರೀಕ್ಷೆ. ಚಹಾಕ್ಕೆ ಮುಂಚೆ ಹದಿನೆಂಟು ಡಿಗ್ರಿ ಕೊಟ್ಟಿದ್ದಳು, ತಣ್ಣನೆಯ ದಟ್ಟ ಗಾಳಿ, ವಿಮಾನ ಹಗುರಾಗಿ ಎದ್ದಿತು, ನೋಡಿದ್ಯೇನಮ್ಮ, ಮೂವತ್ತು ವರ್ಷದ ಕೈ ಇದು ಅಂದ. ಈಗ ನಲವತ್ತೊಂದು ಒತ್ತಿದ್ದಾಳೆ, ಗಟ್ಟಿಯಾಗಿ ಓದಿಯೂ ಹೇಳಿದ್ದಾಳೆ, ಮೋಸವಿಲ್ಲ, ಸರ್ ಮಧ್ಯಾಹ್ನ ಎರಡು ಗಂಟೆ, ನಲವತ್ತೊಂದು ಡಿಗ್ರಿ, ಹ್ಞೂಂ ಗೊತ್ತಾಯ್ತು ಬಿಡಮ್ಮ — ಗೊತ್ತಾಯ್ತಂತೆ, ಮಣ್ಣು! ಕಾದ ಗಾಳಿ ತೆಳ್ಳಗೆ, ರೆಕ್ಕೆಗೆ ಆಸರೆಯಿಲ್ಲ, ಎಂಜಿನ್ನಿಗೆ ಉಸಿರು ಸಾಲದು, ಭಾರ ಇಳಿಸಬೇಕು ಇಲ್ಲವೇ ಸಂಜೆತನಕ ಕಾಯಬೇಕು, ಅದನ್ನೆಲ್ಲ ಈ ಯಂತ್ರ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ, ಅದಕ್ಕೆ ದೊಡ್ಡವರು ಚಿಕ್ಕವರು ಅನ್ನುವ ದಾಕ್ಷಿಣ್ಯವಿಲ್ಲ. ಅವಳ ಅಣ್ಣನಿಗಿತ್ತು. ಇಂಥದೇ ಸುಡುಬಿಸಿಲ ಮಧ್ಯಾಹ್ನ ವಿಮಾನ ಹೊರಡಿಸುವ ಮುಂಚೆ ಅವಳಿಗೆ ಫೋನು ಮಾಡಿದ್ದ, ಹಾಳೆ ಬೆಳಗ್ಗೆದು ಕಣೇ, ಹೊಸ ಲೆಕ್ಕ ಕೊಡಿ ಸರ್ ಅಂತ ದೊಡ್ಡ ಕ್ಯಾಪ್ಟನ್‌ಗೆ ಅಂದೆ, ಏನೂ ಆಗಲ್ಲ ಹೋಗಯ್ಯ ಅಂದ್ರು — ಹೋದ, ಹೋಗೇಬಿಟ್ಟ, ರನ್‌ವೇ ಆಚೆಯ ಬಿಳಿ ಗೋಡೆಗೆ. ಹಾಳೆಯೂ ಅವನ ಜೊತೆ ಸುಟ್ಟುಹೋಗಿತ್ತಲ್ಲ, ವಿಚಾರಣೆಯಲ್ಲಿ ಇದೇ ಬಾಯಿ, ಹಾಳೆ ಸರಿಯಾಗೇ ಇತ್ತು ಸ್ವಾಮಿ, ಹುಡುಗ ವಿಮಾನದ ಮೂಗು ಎತ್ತೋದು ತಡ ಮಾಡಿದ. ಅಮ್ಮ ಅದನ್ನು ನಂಬಿಕೊಂಡೇ ಸತ್ತಳು, ನನ್ನ ಮಗನೇ ತಪ್ಪು ಮಾಡಿದನೇನೇ ಅಂತ. ಅವನ ತಂಗಿ ಇವಳು ಅಂತ ಇವನಿಗೆ ಗೊತ್ತಿಲ್ಲ, ಗಂಡನ ಮನೆ ಹೆಸರಲ್ಲವೇ ಎದೆಯ ಮೇಲಿರುವುದು.

ಕ್ಯಾಪ್ಟನ್ನನ ವಿಮಾನ ಹೊರಟಿತು, ಕುರ್ಚಿ ನಡುಗುತ್ತಿದೆ, ಇಲ್ಲಿ ಹಾಳೆ ಸುಡುವುದಿಲ್ಲ ಸರ್, ಎಲ್ಲ ದಾಖಲಾಗುತ್ತದೆ, ನಿಮ್ಮ ಉಸಿರು ಕೂಡ — ಅದೇ ರನ್‌ವೇ, ಫೋಟೋ ನೋಡಿ ಅವಳೇ ಕೂರಿಸಿದ ಗೋಡೆ, ಅಣ್ಣನ ವಿಮಾನದ ಬೆಂಕಿ ಬಿಟ್ಟ, ಸುಣ್ಣ ಬಳಿದರೂ ಮುಚ್ಚದ ಆ ಕರಿ ಕಲೆ ಕೂಡ. ಮೂಗು ಎತ್ತಿದ, ಸರಿಯಾದ ಹೊತ್ತಿಗೇ ಎತ್ತಿದ, ಒಂದು ಚೂರೂ ತಡವಿಲ್ಲ, ಅಣ್ಣನೂ ಹೀಗೇ ಎತ್ತಿದ್ದ, ಕೇಳು ಅಮ್ಮ, ನಿನ್ನ ಮಗ ತಡ ಮಾಡಿರಲಿಲ್ಲ, ಎಲ್ಲಿದ್ದರೂ ಕೇಳು — ಏಳ್ತಾ ಇಲ್ಲ, ಯಾಕೆ ಏಳ್ತಾ ಇಲ್ಲ ಅನ್ನುತ್ತಿದ್ದಾನೆ ಕ್ಯಾಪ್ಟನ್, ಅವತ್ತು ರೇಡಿಯೋದಲ್ಲಿ ಕೇಳಿದ ಅಣ್ಣನ ಕೊನೆಯ ಮಾತು, ಅಕ್ಷರ ಬಿಡದೆ, ನಿಲ್ಸಮ್ಮ, ನಿಲ್ಸು — ನಿಲ್ಲಿಸುವ ಗುಂಡಿ ಅವಳ ಬೆರಳ ಕೆಳಗೇ ಇದೆ, ಅಣ್ಣನಿಗೆ ಅಂಥದ್ದು ಇರಲಿಲ್ಲ, ಬೆರಳು ಅಲ್ಲಾಡುವುದಿಲ್ಲ, ಗೋಡೆ, ಬಿಳಿ ಗೋಡೆ, ಗೋಡೆಯ ಮೇಲೆ ಆ ಕರಿ ಕಲೆ, ಕರಿ ಕಲೆ